ಪಂಚಾಂಗದ ಅಂಚಿನಲ್ಲಿದ್ದ ತಾರೀಖು: ಬರ್ಮಾದಿಂದ ಬಾರದವರನ್ನು ಹುಡುಕಿದ ನನ್ನ ಅನುಭವ

ಅಮ್ಮನ ಸೋದರಮಾವ ಒಬ್ಬರು ಎರಡನೇ ಮಹಾಯುದ್ಧದಲ್ಲಿ ವಿಮಾನ ಓಡಿಸುತ್ತಿದ್ದರು, ಬರ್ಮಾ ಕಡೆ ಹೋದವರು ವಾಪಸ್ ಬರಲಿಲ್ಲ. ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ಇಷ್ಟೇ. ಅಜ್ಜಿ ಇದ್ದಾಗ ಕೇಳಬೇಕಿತ್ತು, ಕೇಳಲಿಲ್ಲ. ಅವರು ಹೋದ ಮೇಲೆ ಟ್ರಂಕ್ ತೆಗೆದಾಗ ಒಂದು ಫೋಟೋ, ಒಂದು ಕಾಗದ, ಒಂದು ಹಳೇ ಪಂಚಾಂಗ ಸಿಕ್ಕಿತು. ಅಲ್ಲಿಂದ ಹಿಡಿದ ಹುಚ್ಚು ಇಳಿಯೋದಕ್ಕೆ ಒಂದೂವರೆ ವರ್ಷ ಬೇಕಾಯಿತು. ಮನೆಯಲ್ಲಿ ಇಂಥದ್ದೇ ಫೋಟೋ ಇಟ್ಟುಕೊಂಡು ಎಲ್ಲಿಂದ ಶುರು ಮಾಡೋದು ಅಂತ ಕೂತಿರುವವರು ಇರುತ್ತಾರೆ, ಅವರಿಗೆ ಅಂತ ಬರೆಯುತ್ತಿದ್ದೇನೆ.

ನಾನು ಮಾಡಿದ ಮೊದಲ ತಪ್ಪು, ಹೆಸರು ಹಿಡಿದು ಹುಡುಕಿದ್ದು. ಎಲ್ಲರೂ ಅದನ್ನೇ ಮಾಡುತ್ತಾರೆ, ಅಲ್ವಾ? ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ, 1917ರಿಂದ ಇದೆ. ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಹೆಸರು ಅವರ ಹತ್ತಿರ ಇದೆ, ಹುಡುಕೋದಕ್ಕೆ ದುಡ್ಡು ಬೇಡ. ನಾನು ಅಲ್ಲಿ ಹೋಗಿ ಇವರ ಹೆಸರು ಹಾಕಿದೆ. ಏನೂ ಬರಲಿಲ್ಲ. ಹೆಸರಿನ ಕೊನೆಗೆ ಮೂರ್ತಿ ಅಂತ ಇತ್ತು. ಇಂಗ್ಲಿಷಿನಲ್ಲಿ ಮೂರ್ತಿ ಬರೆಯೋದಕ್ಕೆ ಎಷ್ಟು ದಾರಿ ಇದೆ ಅಂತ ಅವತ್ತು ಗೊತ್ತಾಯಿತು. ಟಿ ಆದ ಮೇಲೆ ಎಚ್ ಹಾಕಿ ಒಂದು ಸಲ, ಹಾಕದೆ ಒಂದು ಸಲ, ಕೊನೆಗೆ ವೈ, ಆಮೇಲೆ ಐ, ಯು ಬದಲು ಎರಡು ಓ, ಮೂರ್ತಿಯನ್ನು ಬೇರೆ ಪದ ಮಾಡಿ, ಮುಂದಿನ ಹೆಸರಿಗೆ ಅಂಟಿಸಿ. ಒಂದು ಇಡೀ ಭಾನುವಾರ ಹೋಯಿತು. ಸಿಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಪಂಚಾಂಗ. ಮುತ್ತಜ್ಜ ಮನೆಯ ಲೆಕ್ಕ, ಮಳೆ, ಹಸು ಕರು ಹಾಕಿದ್ದು ಎಲ್ಲವನ್ನೂ ಅದರ ಅಂಚಿನಲ್ಲಿ ಬರೆಯುತ್ತಿದ್ದರು. ಸ್ವಭಾನು ಸಂವತ್ಸರ, ಫಾಲ್ಗುಣ ಶುದ್ಧ ತದಿಗೆಯ ಎದುರು ಪೆನ್ಸಿಲಿನಲ್ಲಿ ಎರಡೇ ಪದ: "ತಂತಿ ಬಂತು". ಅವತ್ತಿನ ಮೇಲೆ ಯುಗಾದಿ ತನಕ ಅಂಚು ಖಾಲಿ. ಸ್ವಭಾನು ಅಂದರೆ 1943-44. ಆ ಸಲ ಶಿವರಾತ್ರಿ ಫೆಬ್ರವರಿ ಕೊನೆಯ ವಾರದಲ್ಲಿ ಬಿದ್ದಿತ್ತು, ಅದಾದ ನಾಲ್ಕೈದು ದಿನಕ್ಕೆ ತದಿಗೆ. ಹಾಗಾದರೆ ತಂತಿ ಬಂದದ್ದು 1944ರ ಫೆಬ್ರವರಿ ಕೊನೆಗೆ. ಸಾವು ಅದಕ್ಕಿಂತ ಹಿಂದೆ, ಆದರೆ ಬಹಳ ಹಿಂದೆ ಇರಲಾರದು.

ಆಮೇಲೆ ಕಮಿಷನ್ನಿನ ಹುಡುಕಾಟಕ್ಕೆ ವಾಪಸ್ ಹೋಗಿ, ಹೆಸರಿನ ಜಾಗ ಖಾಲಿ ಬಿಟ್ಟೆ. ಸೇವೆ ವಾಯುಪಡೆ, ದೇಶ ಭಾರತ, ದಿನಾಂಕ 1944ರ ಜನವರಿ ಮೊದಲಿಂದ ಫೆಬ್ರವರಿ ಕೊನೆವರೆಗೆ. ಬಂದ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡು ಒಂದೊಂದೇ ಓದಿದೆ. ಇದ್ದರು! ಅವರ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿ, ಊರಿನ ಹೆಸರನ್ನು ಮೊದಲ ಹೆಸರು ಮಾಡಿ, ಪಾಪ ಅವರ ಸ್ವಂತ ಹೆಸರನ್ನು ನಡುವೆ ಒಂದಕ್ಷರದ ಇನಿಷಿಯಲ್ ಮಾಡಿ ಇಟ್ಟಿದ್ದರು. ಯಾವನೋ ಗುಮಾಸ್ತ ನಮ್ಮ ಕಡೆ ಹೆಸರು ಬರೆಯುವ ಕ್ರಮ ಗೊತ್ತಿಲ್ಲದೆ ಫಾರಂ ತುಂಬಿದ್ದಾನೆ, ಅಷ್ಟೇ. ಇವರೇ ಅಂತ ಹೇಗೆ ಗೊತ್ತಾಯಿತು ಅಂದರೆ, ಕೆಳಗೆ "ಹೆಚ್ಚಿನ ವಿವರ" ಅನ್ನುವ ಕಡೆ ಅಪ್ಪ ಅಮ್ಮನ ಹೆಸರು, "ಮೈಸೂರು, ಇಂಡಿಯಾ" ಅಂತ ಇತ್ತು. ಈ ಸಾಲು ಎಲ್ಲರಿಗೂ ಇರುವುದಿಲ್ಲ, ಮನೆಯವರು ಆಗ ಉತ್ತರ ಬರೆದು ಕಳಿಸಿದ್ದರೆ ಮಾತ್ರ ಇರುತ್ತದೆ. ಮುತ್ತಜ್ಜ ಬರೆದಿದ್ದರು ಅಂತ ಕಾಣುತ್ತದೆ. ಅದಕ್ಕೇ ನಾನು ಹೇಳೋದು, ಹೆಸರು ಬಿಡಿ, ತಾರೀಖು ಹಿಡಿಯಿರಿ. ನಮ್ಮ ಹೆಸರುಗಳನ್ನು ಅವರು ಹೇಗೆ ಬೇಕಾದರೂ ಕೆಡಿಸಿರುತ್ತಾರೆ, ತಾರೀಖನ್ನು ಅಷ್ಟು ಸುಲಭಕ್ಕೆ ಕೆಡಿಸೋಕಾಗಲ್ಲ.

ಅದೇ ಪುಟದಲ್ಲಿ ಇನ್ನೊಂದು ಆಶ್ಚರ್ಯ. ಬರ್ಮಾದಲ್ಲಿ ಸತ್ತವರ ಹೆಸರು ಸಿಂಗಪುರದ ಕ್ರಾಂಜಿಯಲ್ಲಿ ಕೆತ್ತಿದ್ದಾರೆ! ಮೊದಲು ನಂಬಲಿಲ್ಲ, ಇವರು ಬೇರೆ ಯಾರೋ ಇರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು, ಸಮಾಧಿ ಗೊತ್ತಿಲ್ಲದವರಲ್ಲಿ ಬರ್ಮಾದಲ್ಲಿ ಸತ್ತ ಭೂಸೇನೆಯವರ ಹೆಸರು ರಂಗೂನ್ ಸ್ಮಾರಕದಲ್ಲಿ ಇರುತ್ತದೆ, ಆದರೆ ದಕ್ಷಿಣ ಮತ್ತು ಪೂರ್ವ ಏಷ್ಯಾದ ಮೇಲೆ ಹಾರುತ್ತಾ ಕಾಣೆಯಾದ ವಾಯುಪಡೆಯವರದ್ದು ಸಿಂಗಪುರ ಸ್ಮಾರಕದಲ್ಲಿ. ಅಲ್ಲಿ 24,000ಕ್ಕಿಂತ ಜಾಸ್ತಿ ಹೆಸರುಗಳಿವೆ, ಕಾಲಂ ನಂಬರ್ ಹಿಡಿದು ಹುಡುಕಬೇಕು. ಯುದ್ಧಭೂಮಿಯಲ್ಲಿ ಅಲ್ಲದೆ ಇಲ್ಲೇ ದೇಶದೊಳಗೆ, ಕಾಯಿಲೆಯಿಂದಲೋ ಅಪಘಾತದಿಂದಲೋ ತೀರಿಕೊಂಡ ಎಷ್ಟೋ ಜನರ ಹೆಸರು ದೆಹಲಿ ಮತ್ತು ಕರಾಚಿಯ 1939-1945 ಸ್ಮಾರಕಗಳಲ್ಲಿದೆ. ಯುದ್ಧ ಮುಗಿದ ಮೇಲೆ ಸತ್ತರು, ಹಾಗಾಗಿ ಇರಲಾರದು ಅಂತ ಸುಮ್ಮನಾಗಬೇಡಿ. ಕಮಿಷನ್ನಿನ ಲೆಕ್ಕದಲ್ಲಿ ಎರಡನೇ ಯುದ್ಧ 1947ರ ಡಿಸೆಂಬರ್ 31ರವರೆಗೆ ನಡೆಯುತ್ತದೆ.

ಇನ್ನು ಕಾಗದ. ಅದರ ಮೇಲಿನ ವಿಳಾಸದಲ್ಲಿ ಸ್ಕ್ವಾಡ್ರನ್ ನಂಬರ್, ಅಂದರೆ ವಾಯುಪಡೆಯ ತುಕಡಿಯ ನಂಬರ್ ಇತ್ತು, ಪಕ್ಕದಲ್ಲಿ ಐಎಎಫ್ ಅಂತ ನಾನು ಓದಿಕೊಂಡೆ. ಇಂಡಿಯನ್ ಏರ್ ಫೋರ್ಸ್ ತಾನೆ, ಸರಿಯಾಗಿದೆ. ಆ ನಂಬರಿನ ಭಾರತೀಯ ಸ್ಕ್ವಾಡ್ರನ್ ಆಗ ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನ್ ಕಡೆಯೇ ಇತ್ತು, ಅದೂ ಹೊಂದಿತು. ಎರಡು ತಿಂಗಳು ಅದರ ಇತಿಹಾಸ ಓದಿದೆ, ಇವರ ಸುಳಿವೇ ಇಲ್ಲ. ಒಂದು ದಿನ ಕಾಗದವನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ಸೆನ್ಸಾರ್ ಮುದ್ರೆಯ ಕೆಳಗೆ ಇನ್ನೊಂದು ಅಂಕಿ ಇತ್ತು. ಒಂದಂಕಿ ಅಂದುಕೊಂಡದ್ದು ಎರಡಂಕಿ. ನಾನು ಐ ಅಂತ ಓದಿದ್ದು ಐ ಅಲ್ಲ, ಆರ್. ಮಸಿ ಹರಡಿ ಹೊಟ್ಟೆ ಮುಚ್ಚಿಹೋಗಿತ್ತು. ಅಂದರೆ ನಮ್ಮವರು ಇಂಡಿಯನ್ ಏರ್ ಫೋರ್ಸಿನ ಅಧಿಕಾರಿ, ಆದರೆ ಹಾರುತ್ತಿದ್ದದ್ದು ಬ್ರಿಟಿಷರ ರಾಯಲ್ ಏರ್ ಫೋರ್ಸ್ ಸ್ಕ್ವಾಡ್ರನ್ನಿನ ಜೊತೆ. ಇಂಥವರು ಇನ್ನೂ ಇದ್ದರು. ಸೇವೆ ಒಂದು ಕಡೆ, ಸ್ಕ್ವಾಡ್ರನ್ ಒಂದು ಕಡೆ. ದಾಖಲೆ ಹುಡುಕುವಾಗ ಸ್ಕ್ವಾಡ್ರನ್ ಹಿಂದೆ ಹೋಗಬೇಕು.

ಒಂದೆರಡು ಮಾತು ಪದಗಳ ಬಗ್ಗೆ. ಪೈಲಟ್ ಆಫೀಸರ್ ಅಂದರೆ ಪೈಲಟ್ ಅಂತ ಅಲ್ಲ, ಅದೊಂದು ರ್‍ಯಾಂಕ್. ವಿಮಾನ ಮುಟ್ಟದ ಲೆಕ್ಕದ ಅಧಿಕಾರಿಯೂ ಪೈಲಟ್ ಆಫೀಸರ್ ಆಗಿರಬಹುದು. ನಮ್ಮ ವಾಯುಪಡೆಗೆ ಮೊದಮೊದಲು ಸೇರಿದ ಕೆಳಗಿನ ದರ್ಜೆಯವರನ್ನು ಹವಾಯಿ ಸಿಪಾಯಿ ಅನ್ನುತ್ತಿದ್ದರು, ಮನೆಯವರು ಅದನ್ನು "ಸಿಪಾಯಿ" ಅಂತಷ್ಟೇ ನೆನಪಿಟ್ಟುಕೊಂಡರೆ ನೀವು ಭೂಸೇನೆಯಲ್ಲಿ ಹುಡುಕಿ ಸಾಯುತ್ತೀರಿ. ಇನ್ನೊಂದು, ನಮ್ಮ ವಾಯುಪಡೆಯ ಹೆಸರಿನ ಹಿಂದೆ "ರಾಯಲ್" ಸೇರಿದ್ದು 1945ರ ಮಾರ್ಚಿನಲ್ಲಿ, 1944ರಲ್ಲಿ ಸತ್ತವರ ಕಾಗದದಲ್ಲಿ ಅದು ಇರುವುದಿಲ್ಲ.

ಸ್ಕ್ವಾಡ್ರನ್ ಗೊತ್ತಾದ ಮೇಲೆ ಕೆಲಸ ಓಡಿತು. ಲಂಡನ್ ಪಕ್ಕದ ಕ್ಯೂ ಅನ್ನುವ ಕಡೆ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ಇದೆ. ಅದರಲ್ಲಿ ಏರ್ 27 ಅನ್ನುವ ಸರಣಿ, ಸ್ಕ್ವಾಡ್ರನ್‌ಗಳ ದಿನಚರಿ ಪುಸ್ತಕಗಳದ್ದು. ಆಪರೇಷನ್ಸ್ ರೆಕಾರ್ಡ್ ಬುಕ್ ಅನ್ನುತ್ತಾರೆ. ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ಮನೆಯಿಂದಲೇ ಇಳಿಸಿಕೊಳ್ಳಬಹುದು. ಇದರಲ್ಲಿ ಎರಡು ಫಾರಂ ಇರುತ್ತದೆ, ಎರಡನ್ನೂ ತೆಗೆದುಕೊಳ್ಳಿ, ನಾನು ಮೊದಲು ಒಂದನ್ನೇ ತೆಗೆದುಕೊಂಡು ಪೆದ್ದನಾದೆ. ಫಾರಂ 540 ದಿನದ ಕಥೆ. ಹವಾಮಾನ, ಯಾರು ಬಂದರು, ಯಾರು ವರ್ಗವಾದರು, ಏನು ನಡೆಯಿತು. ಫಾರಂ 541 ಹಾರಾಟದ ಲೆಕ್ಕ. ಯಾವ ವಿಮಾನ, ಅದರ ನಂಬರ್, ಯಾರು ಹಾರಿಸಿದರು, ಯಾವ ಕೆಲಸಕ್ಕೆ, ಎಷ್ಟು ಗಂಟೆಗೆ ಮೇಲೆದ್ದರು, ಎಷ್ಟು ಗಂಟೆಗೆ ಇಳಿದರು.

1944ರ ಫೆಬ್ರವರಿ ಅಂದರೆ ಅರಾಕಾನ್‌ನಲ್ಲಿ ಜಪಾನೀಯರು ನಮ್ಮ ಪಡೆಗಳನ್ನು ಸುತ್ತುವರಿದಿದ್ದ ಸಮಯ, ಅಡ್ಮಿನ್ ಬಾಕ್ಸ್ ಕದನ ಅಂತ ಹೆಸರು. ಸ್ಕ್ವಾಡ್ರನ್ ಹರಿಕೇನ್ ಅನ್ನುವ ಯುದ್ಧವಿಮಾನ ಹಾರಿಸುತ್ತಿತ್ತು. ನಾನು ಫಾರಂ 541ರಲ್ಲಿ ಬೆರಳಿಟ್ಟುಕೊಂಡು ಕೆಳಗೆ ಬಂದೆ. ಟೈಪ್ ಮಾಡಿದ ಕಾರ್ಬನ್ ಪ್ರತಿ, ಅಕ್ಷರ ಮಸುಕು. ಎರಡು ಹರಿಕೇನ್ ಒಟ್ಟಿಗೆ ಎದ್ದಿವೆ, ಬೆಳಿಗ್ಗೆ ಏಳು ಗಂಟೆ ಸುಮಾರಿಗೆ. ಮೊದಲನೆಯದರ ಎದುರು ಇಳಿದ ಸಮಯ ಇದೆ. ಎರಡನೆಯದರ ಎದುರು ಸಮಯದ ಜಾಗದಲ್ಲಿ ಒಂದು ಅಡ್ಡಗೀಟು. ಅಲ್ಲಿ ಹೆಸರು ಸರಿಯಾಗಿತ್ತು, ಅಥವಾ ಹತ್ತಿರ ಹತ್ತಿರ ಸರಿಯಾಗಿತ್ತು. ಸ್ಕ್ವಾಡ್ರನ್ನಿನಲ್ಲಿ ಜೊತೆಗೆ ಊಟ ಮಾಡುತ್ತಿದ್ದ ಯಾರೋ ಟೈಪ್ ಮಾಡಿದ್ದು ನೋಡಿ, ಕಚೇರಿಯ ಗುಮಾಸ್ತನಿಗಿಂತ ಚೆನ್ನಾಗಿ ಗೊತ್ತಿತ್ತು. ಜೊತೆಯಲ್ಲಿ ಹಾರಿದವನ ವರದಿ ಎರಡೇ ಸಾಲು: ಮೋಡದೊಳಗೆ ಹೋದರು, ಈಚೆ ಬಂದಾಗ ಇವರು ಕಾಣಲಿಲ್ಲ. ಫಾರಂ 540ರಲ್ಲಿ ಮರುದಿನ ಹವೆ ಚೆನ್ನಾಗಿತ್ತು, ಸಂಜೆ ಫುಟ್‌ಬಾಲ್ ಆಡಿದರು ಅಂತ ಇದೆ. ಮೊದಲು ಓದಿದಾಗ ಸಿಟ್ಟು ಬಂತು. ಈಗ ಇಲ್ಲ, ಆ ಪುಸ್ತಕ ತುಂಬಾ ಇಂಥದ್ದೇ.

ವಿಮಾನದ ನಂಬರ್ ಬರೆದಿಟ್ಟುಕೊಳ್ಳಿ. ಎರಡು ಅಕ್ಷರ, ಮೂರು ಅಂಕಿ. ಅದು ವಿಮಾನದ ಆಧಾರ್ ಇದ್ದ ಹಾಗೆ. ಏರ್-ಬ್ರಿಟನ್ ಅನ್ನುವ ಸಂಘದವರು ಒಂದೊಂದು ವಿಮಾನ ಕೊನೆಗೆ ಏನಾಯಿತು ಅಂತ ಈ ನಂಬರ್ ಪ್ರಕಾರ ಪುಸ್ತಕ ಮಾಡಿದ್ದಾರೆ. ಶತ್ರುವಿನಿಂದ ಅಲ್ಲದೆ ಅಪಘಾತದಿಂದ ಬಿದ್ದ ವಿಮಾನವಾದರೆ ಫಾರಂ 1180 ಅನ್ನುವ ಕಾರ್ಡ್ ಇರುತ್ತದೆ, ಅದನ್ನೂ ನಂಬರ್ ಕೊಟ್ಟೇ ಕೇಳಬೇಕು.

ಭಾರತದ ಕಡೆಯದ್ದು ಬೇಗ ಹೇಳಿ ಮುಗಿಸುತ್ತೇನೆ. ಒಂದು ಕಚೇರಿಗೆ ಬರೆದೆ, ಎಂಟು ತಿಂಗಳ ಮೇಲೆ ಒಂದು ಸಾಲಿನ ಉತ್ತರ ಬಂತು, ಇಲ್ಲ ಅಂತ. ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಪೋರ್ಟಲ್‌ನಲ್ಲಿ ಹಳೇ ಯುದ್ಧ ಇಲಾಖೆಯ ಫೈಲುಗಳ ಶೀರ್ಷಿಕೆಗಳನ್ನು ಮನೆಯಲ್ಲೇ ಕೂತು ನೋಡಬಹುದು. ನನಗೆ ಸಿಗಲಿಲ್ಲ, ನಿಮಗೆ ಸಿಗಬಹುದು.

ಇದರ ಮಧ್ಯೆ ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಗೆಳೆಯನೊಬ್ಬ ತನ್ನ ಅಜ್ಜನ ಅಣ್ಣನನ್ನೂ ಹುಡುಕಿಕೊಡು ಅಂತ ಗಂಟುಬಿದ್ದ. ಆತ ಇಂಗ್ಲೆಂಡಿನಿಂದ ಬಾಂಬರ್‌ನಲ್ಲಿ ಹಾರುತ್ತಿದ್ದವನು. ಬಾಂಬರ್ ಕಮಾಂಡ್, ಅಂದರೆ ರಾಯಲ್ ಏರ್ ಫೋರ್ಸಿನ ಬಾಂಬರ್ ವಿಭಾಗ ಆದರೆ ಸುಖ. ಲಿಂಕನ್‌ನಲ್ಲಿರುವ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರ್‌ನವರು ಸತ್ತವರ ದೊಡ್ಡ ಪಟ್ಟಿಯನ್ನೇ ತೆರೆದಿಟ್ಟಿದ್ದಾರೆ, ಒಬ್ಬನ ಹೆಸರು ಒತ್ತಿದರೆ ಅದೇ ವಿಮಾನದ ಉಳಿದವರೂ ಬರುತ್ತಾರೆ. ಅವನ ವಿಮಾನದಲ್ಲಿದ್ದ ಏಳು ಜನರಲ್ಲಿ ಒಬ್ಬ ಆಸ್ಟ್ರೇಲಿಯಾದವನು. ನನಗೆ ಆಗ ಹೊಳೆಯಿತು, ವಿಮಾನ ಒಂದೇ ಅಲ್ವಾ, ಕಥೆಯೂ ಒಂದೇ. ಆಸ್ಟ್ರೇಲಿಯಾದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎ705 ಅನ್ನುವ ಸರಣಿಯಲ್ಲಿ ಅವರ ವಾಯುಪಡೆಯವರ ಸಾವು-ನೋವಿನ ಫೈಲುಗಳಿವೆ, ಬಹಳಷ್ಟು ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ. ಅವನ ಫೈಲಿನಲ್ಲಿ ಎಲ್ಲ ಇತ್ತು. ತಂತಿಯ ಪ್ರತಿ, ಯುದ್ಧ ಮುಗಿದ ಮೇಲೆ ಹೋದ ಶೋಧ ತಂಡದ ವರದಿ, ಯಾವ ಹೊಲದಲ್ಲಿ ಬಿತ್ತು, ಊರವರು ಏನಂದರು, ಏಳೂ ಜನರ ಹೆಸರು. ಆ ಹುಡುಗನ ತಾಯಿ ಬರೆದ ಕಾಗದವೂ ಇತ್ತು, ಮಗನ ಗಡಿಯಾರ ಸಿಕ್ಕಿದರೆ ಕಳಿಸಿಕೊಡಿ ಅಂತ. ಕೆನಡಾದವರೂ ಯುದ್ಧದಲ್ಲಿ ಸತ್ತ ತಮ್ಮವರ ಸೇವಾ ಫೈಲುಗಳನ್ನು ತೆರೆದಿದ್ದಾರೆ. ನಿಮ್ಮವರ ಬಾಗಿಲು ಮುಚ್ಚಿದ್ದರೆ ಜೊತೆಗಾರನ ಬಾಗಿಲು ತಟ್ಟಿ.

ಬ್ರಿಟನ್ನಿನ ಇಂಥದ್ದೇ ಫೈಲುಗಳು ಏರ್ 81ರಲ್ಲಿವೆ, 1939ರ ಸೆಪ್ಟೆಂಬರಿನಿಂದ ಶುರು, ಕಂತು ಕಂತಾಗಿ ಬಿಡುಗಡೆ ಮಾಡುತ್ತಾ ಬಂದಿದ್ದಾರೆ. ಕ್ಯಾಟಲಾಗ್ ಪುಕ್ಕಟೆ ನೋಡಬಹುದು. ಪ್ರತಿ ಬೇಕಾದರೆ ಪುಟ ಎಣಿಸೋದಕ್ಕೇ ಮೊದಲು ಒಂದು ಶುಲ್ಕ, ಆಮೇಲೆ ಪ್ರತಿಗೆ ಇನ್ನೊಂದು. ಲಂಡನ್‌ನಲ್ಲಿ ಯಾರಾದರೂ ಪರಿಚಯದವರಿದ್ದರೆ ರೀಡರ್ ಟಿಕೆಟ್ ಮಾಡಿಸಿಕೊಂಡು ಹೋಗಿ ಫೋನಿನಲ್ಲೇ ಫೋಟೋ ಹೊಡೆದುಕೊಂಡು ಬರಬಹುದು, ಅದಕ್ಕೆ ದುಡ್ಡಿಲ್ಲ. ಪೆನ್ ಒಳಗೆ ಬಿಡಲ್ಲ, ಪೆನ್ಸಿಲ್ ತೆಗೆದುಕೊಂಡು ಹೋಗಲು ಹೇಳಿ.

ಹೆಸರು ತಿದ್ದಿಸೋದಕ್ಕೆ ಕಮಿಷನ್ನಿಗೆ ಬರೆದಿದ್ದೇನೆ, ಸಾಕ್ಷಿ ಕೊಟ್ಟರೆ ತಿದ್ದುತ್ತಾರೆ. ತಮಾಷೆ ಏನಂದರೆ ಸ್ಕೂಲ್ ಸರ್ಟಿಫಿಕೇಟ್‌ನಲ್ಲಿ ಮೂರ್ತಿಗೆ ಒಂದು ಸ್ಪೆಲಿಂಗ್, ಕಾಗದದ ಕೆಳಗೆ ಅವರದೇ ಸಹಿಯಲ್ಲಿ ಇನ್ನೊಂದು. ಸಹಿಯಲ್ಲಿರುವುದನ್ನೇ ಕಳಿಸಿದೆ.

ತಾರೀಖು ಸಿಕ್ಕಿದ ಮೇಲೆ ಮನೆಯಲ್ಲಿ ಒಂದು ಸಣ್ಣ ಗಲಾಟೆ ಆಯಿತು. ಮೊದಲ ತಂತಿಯಲ್ಲಿ "ಕಾಣೆ" ಅಂತಷ್ಟೇ ಇತ್ತಂತೆ. ಆರು ತಿಂಗಳ ಮೇಲೆ ಸತ್ತಿದ್ದಾರೆ ಅಂತ ಭಾವಿಸಿ ಕಾಗದ ಬಂದಾಗ, ಸತ್ತ ದಿನ ಖಚಿತ ಇಲ್ಲ ಅಂತ, ತಂತಿ ಬಂದ ಫಾಲ್ಗುಣ ಶುದ್ಧ ತದಿಗೆಯನ್ನೇ ಹಿಡಿದು ಶ್ರಾದ್ಧ ಮಾಡುತ್ತಾ ಬಂದರು. ಈಗ ನೋಡಿದರೆ ಅವರು ಹಾರಿದ್ದು ಮಾಘ ಬಹುಳ ಪಂಚಮಿ. ಪುರೋಹಿತರು ನಿಜವಾದ ತಿಥಿ ಗೊತ್ತಾದರೆ ಅದಕ್ಕೇ ಮಾಡಬೇಕು ಅಂದರು. ಶ್ರಾದ್ಧ ಮಾಡುತ್ತಿರುವ ಅವರ ತಮ್ಮನ ಮಗ ಒಪ್ಪಲಿಲ್ಲ. "ಇಷ್ಟು ವರ್ಷ ತದಿಗೆಗೆ ಬಂದು ಉಂಡು ಹೋದವರು. ಈಗ ನೀನು ಲಂಡನ್ನಿನಿಂದ ಕಾಗದ ತರಿಸಿದೆ ಅಂತ ಅವರಿಗೆ ಯಾರು ಹೋಗಿ ಹೇಳ್ತಾರೆ?" ಅಂದರು. ಈ ವರ್ಷವೂ ತದಿಗೆಗೇ ಆಯಿತು.