ಗಿಟಾರಿನ ಶೆಲ್ಯಾಕ್ ಪಾಲಿಶ್ ಬಿರಿದಾಗ: ಮೊದಲು ಗೆರೆಯ ದಿಕ್ಕು ನೋಡಿ

ಶೆಲ್ಯಾಕ್ ಅಂದರೆ ಆಲ್ಕೋಹಾಲಿನಲ್ಲಿ ಕರಗಿಸಿ ಹಚ್ಚುವ ಅರಗು. ಅದರ ಪಾಲಿಶ್ ಇರುವ, ಕೈಯಲ್ಲಿ ಮಾಡಿದ ಗಿಟಾರಿನ ಮೇಲೆ ಬಿರುಕು ಕಂಡ ಕೂಡಲೇ ಸ್ಪಿರಿಟ್ ಬಾಟಲಿಗೆ ಕೈ ಹಾಕಬೇಡಿ. ಗೆರೆ ಯಾವ ಕಡೆ ಓಡಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಚಳಿಗೆ ಪಾಲಿಶ್ ಪದರದಲ್ಲಿ ಮೂಡುವ ಬಿರುಕು ಸಾಮಾನ್ಯವಾಗಿ ಮರದ ಎಳೆಗೆ ಅಡ್ಡಲಾಗಿ ಓಡುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮರ ತನ್ನ ಎಳೆಯ ಉದ್ದಕ್ಕೆ ಕುಗ್ಗುವುದು ಹತ್ತು ಲಕ್ಷದಲ್ಲಿ 3ರಿಂದ 5 ಭಾಗ ಅಷ್ಟೇ. ಮೇಲಿನ ಅರಗಿನ ಪದರ ಅದರ ಹತ್ತು ಪಟ್ಟಿಗೂ ಹೆಚ್ಚು ಕುಗ್ಗಲು ನೋಡುತ್ತದೆ. ಮರ ಬಿಡುವುದಿಲ್ಲ, ಪದರ ಹಿಗ್ಗಲಾರದು. ಎಳೆದ ದಿಕ್ಕಿಗೆ ಅಡ್ಡವಾಗಿ ಹರಿಯುತ್ತದೆ. ಎಳೆಯ ಅಡ್ಡಕ್ಕೆ ಮರವೂ ಸಾಕಷ್ಟು ಕುಗ್ಗುವುದರಿಂದ ಆ ಕಡೆ ಜಗ್ಗಾಟ ಕಡಿಮೆ.

ಎಳೆಯ ಗುಂಟವೇ ಉದ್ದಕ್ಕೆ ಹೋದ ಒಂಟಿ ಗೆರೆ ಕಂಡರೆ ಅನುಮಾನ ಮರದ ಮೇಲಿರಲಿ. ತಂತಿ ಸಡಿಲಿಸಿ, ಕೋಣೆ ಕತ್ತಲು ಮಾಡಿ, ಸೌಂಡ್‌ಹೋಲ್ ಒಳಗೆ ಚಿಕ್ಕ ಎಲ್‌ಇಡಿ ಬಲ್ಬು ಇಳಿಸಿ. ಬೆಳಕಿನ ಗೆರೆ ಹೊರಗೆ ಕಂಡರೆ, ಅಥವಾ ಪಕ್ಕದಲ್ಲಿ ಮೆಲ್ಲಗೆ ಒತ್ತಿದಾಗ ಒಂದು ಅಂಚು ಕೆಳಗಿಳಿದರೆ, ಸೀಳಿರುವುದು ಹಲಗೆಯೇ. ಆಗ ತೇವಾಂಶ ಸರಿಮಾಡಿ ಅಂಟು ಹಾಕುವ ಕೆಲಸ ಮೊದಲು, ಪಾಲಿಶ್ ಆಮೇಲೆ. ಬೆಳಕು ಕಾಣಲಿಲ್ಲ ಎಂದಮಾತ್ರಕ್ಕೆ ಹಲಗೆ ಗಟ್ಟಿಯಿದೆ ಎಂದು ತೀರ್ಮಾನಿಸಬೇಡಿ. ಕೂದಲೆಳೆಯ ಸೀಳು ಬೆಳಕು ಬಿಡದೆಯೂ ಇರಬಹುದು.

ಇನ್ನು ದಪ್ಪದ ಮಾತು. ಪದರ ದಪ್ಪವಾದಷ್ಟೂ ಬಿರಿಯುವುದು ಸುಲಭ. ಸರಿಯಾಗಿ ಕೈಯಲ್ಲಿ ಉಜ್ಜಿದ ಫ್ರೆಂಚ್ ಪಾಲಿಶ್ (ಬಟ್ಟೆಯ ಉಂಡೆಯಿಂದ ತೆಳುವಾಗಿ ಸವರಿದ ಶೆಲ್ಯಾಕ್) 0.1 ಮಿ.ಮೀ.ಗಿಂತ ತೆಳ್ಳಗಿರುತ್ತದೆ, ಅದು ಚಳಿಗೆ ಬಿರಿಯುವುದು ಅಪರೂಪ. ಬ್ರಷ್‌ನಲ್ಲಿ ದಪ್ಪ ಬಳಿದದ್ದು, ಗಟ್ಟಿಯಾಗಲೆಂದು ರಾಳ ಬೆರೆಸಿದ್ದು, ಮೆತ್ತಗಿನ ಪದರದ ಮೇಲೆ ಅವಸರದಲ್ಲಿ ಗಟ್ಟಿ ಪದರ ಹಚ್ಚಿದ್ದು, ಇವೇ ಹೆಚ್ಚಾಗಿ ಬಿರಿಯುತ್ತವೆ.

ಪಾಲಿಶ್ ನಿಜಕ್ಕೂ ಶೆಲ್ಯಾಕ್ ಹೌದೇ ಎಂದು ಖಚಿತಪಡಿಸಿಕೊಳ್ಳಿ. ಕತ್ತಿನ ಬುಡದಂಥ ಕಣ್ಣಿಗೆ ಬೀಳದ ಜಾಗದಲ್ಲಿ ಹತ್ತಿಕಡ್ಡಿಯಿಂದ ಶುದ್ಧ ಎಥನಾಲ್ (ಆಲ್ಕೋಹಾಲ್) ಒಂದು ಹನಿ ಮುಟ್ಟಿಸಿ. ಕೆಲವೇ ಸೆಕೆಂಡಿಗೆ ಅಂಟಂಟಾದರೆ ಶೆಲ್ಯಾಕ್. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಪಾಲಿಶ್ ಎಥನಾಲಿಗೆ ಜಗ್ಗುವುದಿಲ್ಲ; ಈ ವಿಧಾನ ಅದಕ್ಕೆ ಉಪಯೋಗಕ್ಕೆ ಬಾರದು.

ದ್ರಾವಣಕ್ಕೆ 100 ಮಿ.ಲೀ. ಎಥನಾಲಿಗೆ ಮೇಣ ತೆಗೆದ ಅರಗಿನ ಚಕ್ಕೆ 12 ಗ್ರಾಂ ಹಾಕಿ. ಆಗಾಗ ಅಲುಗಾಡಿಸುತ್ತ ರಾತ್ರಿಯಿಡೀ ಕರಗಲು ಬಿಟ್ಟು ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಬಿರುಕು ತುಂಬಲು ಬೇರೆ ಬಾಟಲಿಯಲ್ಲಿ 25 ಗ್ರಾಂನದ್ದು ಮಾಡಿಕೊಳ್ಳಿ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ನೀರು ಇರುತ್ತದೆ. ಮೆಥನಾಲ್ ಬೆರೆತ ಸ್ಪಿರಿಟ್ ವಿಷ. ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಬಾಟಲಿಗೆ ತಾರೀಖು ಬರೆಯಿರಿ. ಹಳೆಯ ದ್ರಾವಣ ಗಟ್ಟಿಯಾಗಿ ಒಣಗುವುದಿಲ್ಲ: ಗಾಜಿನ ಮೇಲೆ ಬಿಟ್ಟ ಹನಿ ಮರುದಿನವೂ ಉಗುರಿಗೆ ಅಂಟಿದರೆ ಚೆಲ್ಲಿಬಿಡಿ.

ಮೊದಲು ನ್ಯಾಫ್ತಾದಲ್ಲಿ (ಜಿಡ್ಡು ಕರಗಿಸುವ, ಬೇಗ ಹೊತ್ತಿಕೊಳ್ಳುವ ಪೆಟ್ರೋಲಿಯಂ ದ್ರಾವಕ) ಅದ್ದಿದ ಬಟ್ಟೆಯಿಂದ ಬೆವರು, ಜಿಡ್ಡು ಒರೆಸಿ. ಹತ್ತಿರ ಎಲ್ಲೂ ಬೆಂಕಿ ಇರಬಾರದು.

ಕೂದಲೆಳೆಯ ಗೆರೆಗಳಿಗೆ ಶೆಲ್ಯಾಕಿನ ಒಂದು ದೊಡ್ಡ ಗುಣ ನೆರವಾಗುತ್ತದೆ: ಎಷ್ಟೇ ಒಣಗಿದರೂ ಆಲ್ಕೋಹಾಲ್ ತಾಗಿದರೆ ಹಳೆಯ ಪದರವೇ ಕರಗಿ ಹೊಸದರೊಂದಿಗೆ ಬೆಸೆಯುತ್ತದೆ. ಹತ್ತಿಯನ್ನು ಹಳೆಯ ನೂಲಿನ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಸುಮಾರು 4 ಸೆಂ.ಮೀ. ಅಗಲದ ಉಂಡೆ ಕಟ್ಟಿ. ತೆಳು ದ್ರಾವಣಕ್ಕೆ ಅಷ್ಟೇ ಎಥನಾಲ್ ಬೆರೆಸಿ ಉಂಡೆಗೆ ಕುಡಿಸಿ, ಕಾಗದದ ಮೇಲೆ ಒತ್ತಿ ನೋಡಿ: ತೇವದ ಗುರುತು ಮೂಡಬೇಕು, ಒದ್ದೆಯಾಗಿ ಹರಡಬಾರದು. ಈಗ ಮೇಲ್ಮೈಯನ್ನು ಸವರಿಕೊಂಡು ಹೋಗಿ. ಉಂಡೆ ಚಲಿಸುತ್ತಲೇ ಕೆಳಗಿಳಿಯಬೇಕು, ಚಲಿಸುತ್ತಲೇ ಮೇಲೇಳಬೇಕು. ಒಂದು ಕ್ಷಣ ನಿಂತರೂ ಅಲ್ಲಿ ಪದರ ಕಿತ್ತು ಬಟ್ಟೆಯ ಅಚ್ಚು ಮೂಡುತ್ತದೆ. ನಾಲ್ಕೈದು ಸಲ ಸವರಿ, ಅರ್ಧ ಗಂಟೆ ಬಿಟ್ಟು ಮತ್ತೆ. ಎಳೆದಂತೆ ಜಿಗುಟಾದರೆ ಉಂಡೆಗೆ ಒಂದೇ ಹನಿ ಆಲಿವ್ ಎಣ್ಣೆ ಸಾಕು. ಹೆಚ್ಚಾದರೆ ಅದು ಪದರದೊಳಗೆ ಉಳಿದು ಮೆತ್ತಗಾಗಿ ಮುಂದೆ ಅಲ್ಲೇ ಬಿರಿಯುತ್ತದೆ.

ಉಗುರಿಗೆ ಸಿಗುವ ಬಿರುಕಿಗೆ ಸಣ್ಣ ಬ್ರಷ್‌ನಿಂದ ಗಟ್ಟಿ ದ್ರಾವಣ ತುಂಬಿ. ಒಣಗುತ್ತ ಅದು ಕುಳಿಬೀಳುತ್ತದೆ, ಹಾಗಾಗಿ ದಿನಕ್ಕೊಂದರಂತೆ ಮೂರ್ನಾಲ್ಕು ಸಲ ತುಂಬಿ ಸುತ್ತಲಿನದಕ್ಕಿಂತ ಕೊಂಚ ಉಬ್ಬುವಂತೆ ಮಾಡಿ. ಒಂದು ವಾರ ಒಣಗಿದ ಮೇಲೆ ಚಿಕ್ಕ ಮರದ ತುಂಡಿಗೆ 800ರ ಎಮರಿ ಪೇಪರ್ ಸುತ್ತಿ, ಉಬ್ಬಿದ್ದನ್ನು ಮಾತ್ರ ಎಣ್ಣೆಯಲ್ಲಿ ಮೆಲ್ಲಗೆ ತೀಡಿ, ನಂತರ 1200. ನೀರು ಬಳಸಬೇಡಿ, ಬಿರುಕಿನಿಂದ ಇಳಿದು ಸ್ಪ್ರೂಸ್ ಮರದ ಮೇಲ್ಹಲಗೆಯ ಎಳೆ ಎಬ್ಬಿಸುತ್ತದೆ. ಎಣ್ಣೆಯನ್ನು ನ್ಯಾಫ್ತಾದಿಂದ ಒರೆಸಿ, ಮೇಲೆ ಹೇಳಿದಂತೆ ಉಂಡೆಯಿಂದ ಮುಗಿಸಿ.

ಈ ಕೆಲಸಕ್ಕೆ ಹವೆ 20ರಿಂದ 28 ಡಿಗ್ರಿ, ತೇವಾಂಶ ಶೇ. 45ರಿಂದ 55 ಇದ್ದರೆ ಚೆನ್ನ. ಕರಾವಳಿಯ ಜುಲೈ ತಿಂಗಳಲ್ಲಿ ಎಸಿ ಇಲ್ಲದೆ ಕೂರಬೇಡಿ: ಆಲ್ಕೋಹಾಲ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಕೂತು ಪಾಲಿಶ್ ಬೆಳ್ಳಗಾಗುತ್ತದೆ.

ಬಿರುಕು ಮತ್ತೆ ಬಾರದಿರಲು ಮುಖ್ಯವಾದದ್ದು ಕೇಸ್ ತೆರೆಯುವ ಹೊತ್ತು. ಜನವರಿಯಲ್ಲಿ ಬೆಂಗಳೂರಿನಿಂದ ಟೊರಾಂಟೊಗೆ ಗಿಟಾರ್ ಒಯ್ದವರು ವಿಮಾನ ನಿಲ್ದಾಣದಿಂದ ಬಂದೊಡನೆ ಕೇಸ್ ತೆರೆಯಬಾರದು. ಹೀಟರಿನಿಂದ ದೂರ, ಮುಚ್ಚಿದಂತೆಯೇ ರಾತ್ರಿಯಿಡೀ ಇಡಿ. ಬಿಸಿಲಲ್ಲಿ ನಿಂತ ಕಾರೂ ಶತ್ರುವೇ. ಶೆಲ್ಯಾಕ್ ಬಿಸಿಗೆ ಮೆತ್ತಗಾಗಿ ಕೇಸಿನ ಮಖಮಲ್ಲಿಗೆ ಅಂಟಿಕೊಳ್ಳುತ್ತದೆ. ಇದೇ ಕಾರಣಕ್ಕೆ ಹೊಸದಾಗಿ ಸರಿಪಡಿಸಿದ ಗಿಟಾರನ್ನು ಕನಿಷ್ಠ ಎರಡು ವಾರ ಕೇಸಿಗೆ ಹಾಕದೆ, ಕತ್ತಿನಿಂದ ತೂಗುಹಾಕಿ ಒಣಗಲು ಬಿಡಿ.