ಸ್ವಿಟ್ಜರ್ಲೆಂಡ್‌ನ ಬೆಟ್ಟದ ರೈಲು: ದುಬಾರಿ ಗಾಡಿ ಬಿಟ್ಟು ಮಾಮೂಲಿ ಗಾಡಿಯಲ್ಲಿ ನೋಡುವುದು ಹೇಗೆ

ಸ್ವಿಟ್ಜರ್ಲೆಂಡ್‌ಗೆ ಹೊರಟವರು ಮೊದಲು ಕೇಳುವುದೇ ಗ್ಲೇಸಿಯರ್ ಎಕ್ಸ್‌ಪ್ರೆಸ್ ಬುಕ್ ಮಾಡಬೇಕಾ, ಬರ್ನಿನಾ ಎಕ್ಸ್‌ಪ್ರೆಸ್ ಬುಕ್ ಮಾಡಬೇಕಾ ಅಂತ. ನನ್ನನ್ನು ಕೇಳಿದರೆ ಎರಡೂ ಬೇಡ. ದೊಡ್ಡ ಗಾಜಿನ ಕಿಟಕಿಯ ಆ ಪ್ರವಾಸಿ ಗಾಡಿಗಳು ಓಡುವ ಹಳಿಯ ಮೇಲೇ ಅಲ್ಲಿನ ಜನ ಕೆಲಸಕ್ಕೆ, ಶಾಲೆಗೆ ಹೋಗುವ ಮಾಮೂಲಿ ರೈಲೂ ಹೆಚ್ಚುಕಡಿಮೆ ಗಂಟೆಗೊಂದು ಓಡುತ್ತದೆ. ಅದೇ ಸುರಂಗ, ಅದೇ ಸೇತುವೆ, ಅದೇ ಹಿಮ. ಸೀಟು ಮುಂಗಡ ಕಾದಿರಿಸಬೇಕಿಲ್ಲ, ಅದಕ್ಕೆ ಬೇರೆ ದುಡ್ಡೂ ಕೊಡಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮನಸ್ಸು ಬಂದಲ್ಲಿ ಇಳಿದು ಒಂದು ಗಂಟೆ ಸುತ್ತಾಡಿ ಮುಂದಿನ ಗಾಡಿ ಹತ್ತಬಹುದು. ಸೀಟಿಗೆ ಅಂಟಿಕೊಂಡು ಎಂಟು ಗಂಟೆ ಕೂತರೆ ಬೆಟ್ಟ ಕಾಣುತ್ತದೆ, ನಿಜ. ಆದರೆ ಆ ಹಳಿಯನ್ನು ಅಲ್ಲಿ ಹೇಗೆ ಹಾಕಿದರು ಅನ್ನುವುದು ಕೆಳಗಿಳಿದು ನಿಂತು ನೋಡಿದರೇ ಗೊತ್ತಾಗುವುದು.

ಟಿಕೆಟ್

ಆ ದೇಶದ ಒಳಗೇ ಓಡಿದ ಮೊದಲ ರೈಲು 1847ರದ್ದು, ಜ್ಯೂರಿಕ್‌ನಿಂದ ಬಾಡೆನ್‌ಗೆ. ಆಮೇಲೆ ಐವತ್ತು ವರ್ಷ ಖಾಸಗಿ ಕಂಪನಿಗಳದೇ ಕಾರುಬಾರು. 1898ರಲ್ಲಿ ಜನರೇ ಮತ ಹಾಕಿ ದೊಡ್ಡ ಕಂಪನಿಗಳನ್ನು ಸರ್ಕಾರ ಕೊಂಡುಕೊಳ್ಳಲಿ ಅಂದರು. 1902ರಲ್ಲಿ ಸರ್ಕಾರಿ ರೈಲ್ವೆ ಎಸ್‌ಬಿಬಿ ಶುರುವಾಯಿತು. ಬೆಟ್ಟದ ಕಡೆಯ ಸಣ್ಣ ಕಂಪನಿಗಳು ಮಾತ್ರ ಇವತ್ತಿಗೂ ಬೇರೆಬೇರೆಯಾಗೇ ಇವೆ. ಅದರಿಂದ ನಮಗೆ ತಾಪತ್ರಯ ಇಲ್ಲ. ಕಂಪನಿ ಹತ್ತಾರಿದ್ದರೂ ಟಿಕೆಟ್ ಒಂದೇ, ಎಸ್‌ಬಿಬಿ ಮೊಬೈಲ್ ಆ್ಯಪ್‌ನಲ್ಲಿ ಎಲ್ಲಾ ಸಿಗುತ್ತದೆ.

ದಿನಾ ಊರೂರು ಸುತ್ತುವವರಾದರೆ ಸ್ವಿಸ್ ಟ್ರಾವೆಲ್ ಪಾಸ್ ತಗೊಳ್ಳಿ. 3, 4, 6, 8 ಅಥವಾ 15 ದಿನಕ್ಕೆ ಸಿಗುತ್ತದೆ, ರೈಲು, ಬಸ್ಸು, ಸರೋವರದ ಬೋಟು ಎಲ್ಲಕ್ಕೂ ನಡೆಯುತ್ತದೆ. ಒಂದೇ ಊರಲ್ಲಿ ಉಳಿದು ಆಗೀಗ ಓಡಾಡುವವರಿಗೆ ಒಂದು ತಿಂಗಳ ಹಾಫ್ ಫೇರ್ ಕಾರ್ಡ್ ಸಾಕು, ಹೆಚ್ಚಿನ ಟಿಕೆಟ್‌ಗಳು ಅರ್ಧ ಬೆಲೆಗೆ ಬರುತ್ತವೆ. ಸೆಕೆಂಡ್ ಕ್ಲಾಸ್ ಧಾರಾಳವಾಗಿ ಸಾಕು. ಒಂದು ಮಾತು ಮಾತ್ರ ಮರೀಬೇಡಿ: ಗಾಡಿ ಹೊರಡುವ ಮೊದಲೇ ಟಿಕೆಟ್ ನಿಮ್ಮ ಕೈಯಲ್ಲಿರಬೇಕು. ಒಳಗೆ ಟಿಕೆಟ್ ನೋಡಲು ಬಂದವರ ಹತ್ತಿರ ತಗೊಂಡರಾಯ್ತು ಅಂತ ಹತ್ತಿದರೆ ದಂಡ ಬೀಳುತ್ತದೆ.

ಆ್ಯಪ್ ನೋಡಿದಾಗ ಗಾಡಿ ಬದಲಿಸಲು ಐದಾರು ನಿಮಿಷ ಅಂತ ತೋರಿಸುತ್ತದೆ, ನಮ್ಮವರು ಗಾಬರಿಯಾಗಿ ಅದನ್ನು ಬಿಟ್ಟು ಮುಂದಿನದು ಹುಡುಕುತ್ತಾರೆ. ಗಾಬರಿ ಬೇಡ. ಅಲ್ಲಿನ ವೇಳಾಪಟ್ಟಿಯ ಲೆಕ್ಕಾಚಾರವೇ ಹಾಗೆ. 1982ರಿಂದ ದೇಶದ ತುಂಬ ಗಾಡಿಗಳು ಗಂಟೆಗೊಮ್ಮೆ ಅದೇ ನಿಮಿಷಕ್ಕೆ ಹೊರಡುವ ಪದ್ಧತಿ ಬಂತು. ದೊಡ್ಡ ಜಂಕ್ಷನ್‌ಗಳಿಗೆ ಎಲ್ಲಾ ದಿಕ್ಕಿನ ಗಾಡಿಗಳು ಗಂಟೆ ಹೊಡೆಯುವ ಸ್ವಲ್ಪ ಮೊದಲು ಬಂದು ಸೇರುತ್ತವೆ, ಜನ ಬದಲಿಸಿಕೊಳ್ಳುತ್ತಾರೆ, ಗಂಟೆ ಆದ ಮೇಲೆ ಎಲ್ಲವೂ ಹೊರಡುತ್ತವೆ. ಹಾಗಾಗಬೇಕಾದರೆ ಎರಡು ಜಂಕ್ಷನ್ ನಡುವಿನ ಓಟ ಒಂದು ಗಂಟೆಗಿಂತ ಕೊಂಚ ಕಡಿಮೆ ಇರಬೇಕು, ಅಲ್ವಾ? ಅದಕ್ಕೆಂದೇ ಜ್ಯೂರಿಕ್–ಬರ್ನ್ ನಡುವೆ ಹೊಸ ಹಳಿ ಹಾಕಿ 2004ರಲ್ಲಿ ಓಟವನ್ನು ಗಂಟೆಯೊಳಗೆ ತಂದರು. ಸುಮ್ನೆ ವೇಗಕ್ಕಾಗಿ ವೇಗ ಅಲ್ಲ, ಬದಲಿಸುವ ಗಾಡಿ ಸಿಗಲಿ ಅಂತ ವೇಗ. ನನಗೆ ಆ ದೇಶದ ಯಾವ ಸೇತುವೆಗಿಂತಲೂ ಜಾಸ್ತಿ ಮೆಚ್ಚುಗೆ ಆಗಿದ್ದು ಈ ಯೋಚನೆ.

ಗೊಥಾರ್ಡ್: ಹೊಸ ಸುರಂಗ ಬೇಡ, ಹಳೇ ದಾರಿ ಹಿಡಿಯಿರಿ

ಜ್ಯೂರಿಕ್‌ನಿಂದ ಲುಗಾನೊ ಕಡೆಗೆ ಆ್ಯಪ್‌ನಲ್ಲಿ ಹುಡುಕಿದರೆ ಅದು ತೋರಿಸುವುದು ಗೊಥಾರ್ಡ್ ಬೆಟ್ಟದ ಬುಡದಲ್ಲೇ ಕೊರೆದು 2016ರಲ್ಲಿ ತೆರೆದ ಬೇಸ್ ಸುರಂಗದ ದಾರಿ. 57 ಕಿ.ಮೀ. ಉದ್ದ, ರೈಲು ಸುರಂಗಗಳಲ್ಲಿ ಪ್ರಪಂಚಕ್ಕೇ ಉದ್ದನೆಯದು. ತಲೆಯ ಮೇಲೆ ಕೆಲವು ಕಡೆ 2,300 ಮೀಟರ್ ಬಂಡೆ. ದೊಡ್ಡ ಕೆಲಸವೇ, ಆದರೆ ಪ್ರಯಾಣಿಕನಿಗೆ ಇಪ್ಪತ್ತು ನಿಮಿಷ ಕತ್ತಲು, ಅಷ್ಟೇ.

ಹಳೇ ದಾರಿಗೆ ಹೋಗಬೇಕಾದರೆ ಆ್ಯಪ್‌ನಲ್ಲಿ 'ವಯಾ' ಅನ್ನುವ ಕಡೆ ಗೋಶೆನೆನ್ ಅಂತ ಹಾಕಿ. ಆಗ ಟ್ರೆನೊ ಗೊಟಾರ್ಡೊ ಅನ್ನುವ ಗಾಡಿ ತೋರಿಸುತ್ತದೆ. 2020ರ ಡಿಸೆಂಬರ್‌ನಿಂದ ಓಡುತ್ತಿದೆ, ಲೊಕಾರ್ನೊವರೆಗೆ ಹೋಗುತ್ತದೆ. ರಿಸರ್ವೇಶನ್ ಕಡ್ಡಾಯ ಇಲ್ಲ. ಸುಮಾರು ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಎರ್ಸ್ಟ್‌ಫೆಲ್ಡ್ ದಾಟಿದ ಮೇಲೆ ಏರು ಶುರು. ಇಲ್ಲಿಂದ ಮೊಬೈಲ್ ಒಳಗಿಟ್ಟು ಕಿಟಕಿ ನೋಡಿ. ವಾಸೆನ್ ಅನ್ನುವ ಹಳ್ಳಿಯಲ್ಲಿ ಗುಡ್ಡದ ಮೇಲೊಂದು ಬಿಳಿ ಚರ್ಚ್ ಇದೆ. ಮೊದಲ ಸಲ ಕಂಡಾಗ ಅದು ನಿಮ್ಮ ತಲೆಗಿಂತ ಮೇಲಿರುತ್ತದೆ. ಗಾಡಿ ಸುರಂಗದೊಳಗೆ ಸುತ್ತು ಹಾಕಿ ಹೊರಬಂದಾಗ ಚರ್ಚ್ ಹೆಚ್ಚುಕಡಿಮೆ ನಿಮ್ಮ ಮಟ್ಟಕ್ಕೆ ಬಂದಿರುತ್ತದೆ. ಇನ್ನೊಂದು ಸುತ್ತು ಆದ ಮೇಲೆ ಕೆಳಗೆ ಕಾಣುತ್ತದೆ. ಅಷ್ಟು ಇಕ್ಕಟ್ಟಾದ ಕಣಿವೆಯಲ್ಲಿ ನೇರ ಹತ್ತಲು ಜಾಗ ಇಲ್ಲ, ಅದಕ್ಕೇ ಬೆಟ್ಟದ ಹೊಟ್ಟೆಯೊಳಗೆ ಸುತ್ತಿ ಎತ್ತರ ಗಳಿಸಿದ್ದಾರೆ. ದಕ್ಷಿಣದ ಕಡೆ ಇಳಿಯುವಾಗಲೂ ಇಂಥದೇ ಸುತ್ತು ಸುರಂಗಗಳಿವೆ. ಬಿಯಾಸ್ಕಿನಾ ಕಣಿವೆಯಲ್ಲಿ ಬಗ್ಗಿ ನೋಡಿದರೆ ನೀವು ಇನ್ನೇನು ಇಳಿಯಲಿರುವ ಹಳಿಯೇ ಕೆಳಗೆ ಕಾಣುತ್ತದೆ.

ಗೋಶೆನೆನ್‌ನಲ್ಲಿ ಹಳೇ ಸುರಂಗ ಶುರುವಾಗುತ್ತದೆ, 15 ಕಿ.ಮೀ. ದಾಟಿ ಐರೋಲೊದಲ್ಲಿ ಹೊರಬರುತ್ತದೆ. ದಯವಿಟ್ಟು ಐರೋಲೊದಲ್ಲಿ ಇಳಿಯಿರಿ. ಸ್ಟೇಷನ್ ಪಕ್ಕದಲ್ಲೇ ಶಿಲ್ಪಿ ವಿನ್ಚೆನ್ಜೊ ವೇಲಾ ಮಾಡಿದ ಕಂಚಿನ ಉಬ್ಬುಶಿಲ್ಪ ಇದೆ, ಸತ್ತ ಕೆಲಸಗಾರನೊಬ್ಬನನ್ನು ಜೊತೆಯವರು ಹೊತ್ತು ತರುತ್ತಿರುವ ದೃಶ್ಯ. 1872ರಿಂದ 1882ರವರೆಗೆ ನಡೆದ ಆ ಕೆಲಸದಲ್ಲಿ ಸುಮಾರು 200 ಜನ ಸತ್ತರು, ಹೆಚ್ಚಿನವರು ಇಟಲಿಯಿಂದ ಬಂದ ಬಡವರು. ಬಂಡೆ ಬಿದ್ದು, ಸಿಡಿಮದ್ದು ಸಿಡಿದು ಸತ್ತವರ ಲೆಕ್ಕ ಇದು. ಒಳಗಿನ ಶಾಖ, ಕೊಳಕಿನಿಂದ ಕೊಕ್ಕೆಹುಳು ಹತ್ತಿ ರಕ್ತಹೀನತೆಯಿಂದ ನರಳಿದವರು ಬೇರೆ. 1875ರಲ್ಲಿ ಗೋಶೆನೆನ್‌ನಲ್ಲಿ ಕೆಲಸಗಾರರು ಮುಷ್ಕರ ಹೂಡಿದಾಗ ಅವರ ಮೇಲೆ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಗುತ್ತಿಗೆ ಹಿಡಿದಿದ್ದ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕುಸಿದು ತೀರಿಕೊಂಡ. ಮರುವರ್ಷ ಎರಡೂ ಕಡೆಯ ಕೊರೆತ ಕೂಡಿದಾಗ ಆ ತೂತಿನಲ್ಲಿ ಮೊದಲು ದಾಟಿಸಿದ್ದು ಅವನ ಫೋಟೊ ಇದ್ದ ಡಬ್ಬಿಯನ್ನು. ಈಗ ಅದೇ ಸುರಂಗವನ್ನು ನಾವು ಹತ್ತು ನಿಮಿಷದಲ್ಲಿ ದಾಟುತ್ತೇವೆ. ಆ ಶಿಲ್ಪದ ಮುಂದೆ ಸ್ವಲ್ಪ ಹೊತ್ತು ನಿಂತು ಹೋಗುವುದು ನ್ಯಾಯ ಅಂತ ನನಗನ್ನಿಸುತ್ತದೆ.

ಆಲ್ಬುಲಾ ಮತ್ತು ಬರ್ನಿನಾ

ಒಂದೇ ದಿನ ಇದೆ ಅಂದರೆ ಇದನ್ನೇ ಮಾಡಿ. ಬೆಳಿಗ್ಗೆ ಬೇಗ ಜ್ಯೂರಿಕ್ ಬಿಟ್ಟು ಕೂರ್‌ಗೆ ಬನ್ನಿ. ಅಲ್ಲಿ ಕೆಂಪು ಬಣ್ಣದ ಮೀಟರ್‌ಗೇಜ್ ಗಾಡಿ, ರೇಷಿಯನ್ ರೈಲ್ವೆಯದು. ಸೇಂಟ್ ಮೊರಿಟ್ಜ್‌ಗೆ ಎರಡು ಗಂಟೆ, ಅಲ್ಲಿಂದ ಗಾಡಿ ಬದಲಿಸಿ ಇಟಲಿಯ ತಿರಾನೊಗೆ ಎರಡೂವರೆ ಗಂಟೆಯ ಹತ್ತಿರ. ಎರಡಕ್ಕೂ ಬಲಗಡೆ ಕಿಟಕಿ ಹಿಡಿಯಿರಿ. ಈ ಆಲ್ಬುಲಾ–ಬರ್ನಿನಾ ಹಳಿ 2008ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ.

ಟೀಫೆನ್‌ಕಾಸ್ಟೆಲ್ ಆದ ಮೇಲೆ ಎಚ್ಚರವಾಗಿರಿ. ಫಿಲಿಸುರ್ ಬರುವ ಮೊದಲು ಲಾಂಡ್‌ವಾಸರ್ ಸೇತುವೆ ಬರುತ್ತದೆ: ಆರು ಕಮಾನು, 65 ಮೀಟರ್ ಎತ್ತರ, ಬಿಲ್ಲಿನ ಹಾಗೆ ಬಾಗಿ ನೇರ ಬಂಡೆಗೋಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. 1902ರಲ್ಲಿ ಇದನ್ನು ಸುತ್ತ ಸಾರುವೆ ಕಟ್ಟದೆಯೇ ಕಟ್ಟಿದರು. ಗಾಡಿಯೊಳಗಿಂದ ಕ್ಷಣಮಾತ್ರ ಕಾಣುತ್ತದೆ, ಅದಕ್ಕೇ ಫಿಲಿಸುರ್‌ನಲ್ಲಿ ಇಳಿಯಿರಿ ಅನ್ನುವುದು. ಅರ್ಧ ಮುಕ್ಕಾಲು ಗಂಟೆ ಕಾಡುದಾರಿಯಲ್ಲಿ ನಡೆದರೆ ಸೇತುವೆಯ ಬುಡಕ್ಕೇ ಹೋಗಬಹುದು.

ಮುಂದೆ ಬೆರ್ಗುನ್‌ನಿಂದ ಪ್ರೇಡಾವರೆಗೆ 416 ಮೀಟರ್ ಏರಬೇಕು. ನೇರ ದೂರ ಕಡಿಮೆ, ಆದ್ದರಿಂದ ಹಳಿಯನ್ನು ಸುತ್ತಿಸಿ ಸುತ್ತಿಸಿ 12 ಕಿ.ಮೀ. ಮಾಡಿದ್ದಾರೆ. ಎಡಕ್ಕಿದ್ದ ಹಳ್ಳಿ ಬಲಕ್ಕೆ ಬರುತ್ತದೆ, ಮತ್ತೆ ಎಡಕ್ಕೆ ಹೋಗುತ್ತದೆ. ಬೇಸಿಗೆಯಾದರೆ ಪ್ರೇಡಾದಲ್ಲಿ ಇಳಿದು ಬೆರ್ಗುನ್‌ಗೆ ಇಳಿಜಾರಿನಲ್ಲಿ ನಡೆದು ಬನ್ನಿ, ಹಳಿಯ ಪಕ್ಕದಲ್ಲೇ ದಾರಿ ಇದೆ, ಗಾಡಿ ನಿಮ್ಮ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಹಾದುಹೋಗುತ್ತದೆ. ಬೆರ್ಗುನ್ ಸ್ಟೇಷನ್ ಹತ್ತಿರವೇ ರೈಲ್ವೆ ಮ್ಯೂಸಿಯಂ ಇದೆ, ಮಕ್ಕಳಿದ್ದರೆ ಬಿಡಬೇಡಿ.

ಸೇಂಟ್ ಮೊರಿಟ್ಜ್‌ನಿಂದ ಆಚೆ ಬರ್ನಿನಾ ಹಳಿ. 1910ರಲ್ಲಿ ಪೂರ್ತಿಯಾಯಿತು, ಮೊದಲ ದಿನದಿಂದಲೂ ಕರೆಂಟಿನಲ್ಲೇ ಓಡುತ್ತಿದೆ. ಇಲ್ಲಿನ ಏರು ಎಷ್ಟು ಅಂದರೆ, ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಮೀಟರ್‌ಗೆ 1 ಮೀಟರ್ ಏರಿದರೆ ಇಲ್ಲಿ 14 ಮೀಟರ್‌ಗೇ 1 ಮೀಟರ್. ಅದೂ ಹಲ್ಲಿನ ಹಳಿ (ಎಂಜಿನ್ನಿನ ಹಲ್ಲುಚಕ್ರ ಕಚ್ಚಿ ಹತ್ತುವ ನಡುವಿನ ಹಳಿ) ಇಲ್ಲದೆ, ಬರೀ ಚಕ್ರದ ಹಿಡಿತದ ಮೇಲೆ. ಒಸ್ಪಿಜಿಯೊ ಬರ್ನಿನಾ ಸ್ಟೇಷನ್ 2,253 ಮೀಟರ್‌ನಲ್ಲಿದೆ. ಅಲ್ಲಿ ಎರಡು ಕೆರೆ, ಒಂದಕ್ಕೆ ಕಪ್ಪು ಅಂತ ಹೆಸರು, ಇನ್ನೊಂದಕ್ಕೆ ಬಿಳಿ. ನಡುವೆ ಸಣ್ಣ ಒಡ್ಡಿನಷ್ಟೇ ಅಂತರ. ಕಪ್ಪು ಕೆರೆಯ ನೀರು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ, ಬಿಳಿ ಕೆರೆಯ ಕಡೆಯದು ಪೊ ನದಿ ಸೇರಿ ಏಡ್ರಿಯಾಟಿಕ್‌ಗೆ. ಮುಂದಿನ ಆಲ್ಪ್ ಗ್ರೂಮ್‌ಗೆ ಮೋಟಾರು ರಸ್ತೆಯೇ ಇಲ್ಲ. ಒಂದು ಗಾಡಿ ಬಿಟ್ಟು ಅಲ್ಲಿ ಕೂತು ಕಾಫಿ ಕುಡಿಯಿರಿ, ಎದುರಿಗೆ ಪಾಲೂ ಹಿಮನದಿ ಇದೆ, ಕೆಳಗೆ ಪೊಸ್ಕಿಯಾವೊ ಕಣಿವೆ.

ಅಲ್ಲಿಂದ ಮುಂದೆ ಬರೀ ಇಳಿತ. ಬ್ರೂಸಿಯೊ ಹತ್ತಿರ ಗಾಡಿ ಬಯಲಲ್ಲೇ ಒಂಬತ್ತು ಕಮಾನಿನ ಸೇತುವೆಯ ಮೇಲೆ ಪೂರ್ತಿ ಒಂದು ಸುತ್ತು ಹಾಕಿ, ತಾನೇ ಬಂದ ಹಳಿಯ ಕೆಳಗೆ ನುಸುಳಿ ಹೋಗುತ್ತದೆ. ತಿರಾನೊದಲ್ಲಿ ಚರ್ಚ್ ಎದುರಿನ ರಸ್ತೆಯಲ್ಲೇ ಕಾರುಗಳ ಮಧ್ಯೆ ಓಡುತ್ತದೆ. ತಿರಾನೊ 429 ಮೀಟರ್‌ನಲ್ಲಿದೆ, ಅಂದರೆ 40 ಕಿ.ಮೀ.ಗೂ ಕಡಿಮೆ ದೂರದಲ್ಲಿ 1,800 ಮೀಟರ್ ಇಳಿದಿರುತ್ತೀರಿ. ಸ್ವೆಟರ್ ಬಿಚ್ಚಲೇಬೇಕಾಗುತ್ತದೆ. ಇಟಲಿ ಆದ್ದರಿಂದ ಪಾಸ್‌ಪೋರ್ಟ್ ಜೊತೆಗಿರಲಿ. ವಾಪಸ್ ಹೋಗುವ ಗಾಡಿಯ ಹೊತ್ತನ್ನು ಊಟಕ್ಕೆ ಕೂರುವ ಮೊದಲೇ ನೋಡಿಟ್ಟುಕೊಳ್ಳಿ.

ಈ ಹಳಿಯ ಸಣ್ಣ ಸ್ಟೇಷನ್‌ಗಳಲ್ಲಿ ಕೆಲವು ಕಡೆ ಗಾಡಿ ತಾನಾಗೇ ನಿಲ್ಲುವುದಿಲ್ಲ. ಇಳಿಯುವವರು ಬೋಗಿಯೊಳಗಿನ ಬಟನ್ ಒತ್ತಬೇಕು, ಹತ್ತುವವರು ಪ್ಲಾಟ್‌ಫಾರ್ಮ್‌ನಲ್ಲಿರುವುದನ್ನು. ಇದು ಗೊತ್ತಿಲ್ಲದೆ ಸುಮ್ನೆ ಕಾಯುತ್ತಾ ನಿಂತರೆ ಗಾಡಿ ಮುಂದೆ ಹೋಗಿಬಿಡುತ್ತದೆ.

ಹಲ್ಲಿನ ಹಳಿ, ಹೊಗೆ ಎಂಜಿನ್

ಇನ್ನೂ ಕಡಿದಾದ ಕಡೆ ಚಕ್ರ ಜಾರುತ್ತದೆ, ಅಲ್ಲಿ ನಡುವೆ ಹಲ್ಲಿನ ಹಳಿ ಬೇಕು. ಯುರೋಪಿನ ಮೊದಲ ಅಂಥ ಬೆಟ್ಟದ ರೈಲು ರೀಗಿ ಬೆಟ್ಟದ್ದು, 1871ರಲ್ಲಿ ನಿಕ್ಲಾಸ್ ರಿಗ್ಗನ್‌ಬಾಖ್ ಮಾಡಿದ್ದು. ಟ್ರಾವೆಲ್ ಪಾಸ್ ಇದ್ದರೆ ರೀಗಿಗೆ ಬೇರೆ ದುಡ್ಡಿಲ್ಲ, ಲುಸರ್ನ್‌ನಿಂದ ಬೋಟಿನಲ್ಲಿ ವಿಟ್ಸ್‌ನಾವ್‌ಗೆ ಹೋಗಿ ಅಲ್ಲಿ ರೈಲು ಹತ್ತಿ. ಪಿಲಾಟುಸ್ ಬೆಟ್ಟದ ಹಳಿ ಇನ್ನೂ ಕಡಿದು, 100 ಮೀಟರ್‌ಗೆ 48 ಮೀಟರ್ ಏರು. ನಮ್ಮ ನೀಲಗಿರಿ ರೈಲಿನಲ್ಲಿರುವುದು ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್‌ನ ಪದ್ಧತಿ, ಅದರ ಹಳೇ ಹೊಗೆ ಎಂಜಿನ್‌ಗಳಲ್ಲಿ ಹೆಚ್ಚಿನವು ಬಂದಿದ್ದೂ ಸ್ವಿಟ್ಜರ್ಲೆಂಡ್‌ನ ವಿಂಟರ್‌ತೂರ್‌ನಿಂದ. ಕೂನೂರಿಗೆ ಹೋಗಿ ಬಂದವರಿಗೆ ಇಲ್ಲಿನ ಹಳಿ ಹಳೇ ಪರಿಚಯ ಅನ್ನಿಸುತ್ತದೆ.

ಹೊಗೆ ಎಂಜಿನ್ ನೋಡಬೇಕಾದರೆ ರಿಯಾಲ್ಪ್‌ಗೆ ಹೋಗಿ. 1982ರಲ್ಲಿ ಫುರ್ಕಾ ಬೆಟ್ಟದಡಿ ಬೇಸ್ ಸುರಂಗ ತೆರೆದಾಗ ಮೇಲಿನ ಹಳೇ ಹಳಿ ಬೇಡವಾಯಿತು. ಸ್ವಯಂಸೇವಕರು ಅದನ್ನು ಸಾಯಲು ಬಿಡಲಿಲ್ಲ. 1947ರಲ್ಲಿ ವಿಯೆಟ್ನಾಂಗೆ ಮಾರಿದ್ದ ಎಂಜಿನ್‌ಗಳನ್ನು 1990ರಲ್ಲಿ ಹಡಗಿನಲ್ಲಿ ವಾಪಸ್ ತಂದರು, ಹಳಿಯನ್ನು ತುಂಡುತುಂಡಾಗಿ ಸರಿಮಾಡುತ್ತಾ 2010ರಲ್ಲಿ ಓಬರ್‌ವಾಲ್ಡ್ ಮುಟ್ಟಿಸಿದರು. ದಾರಿಯಲ್ಲಿ ಸ್ಟೆಫನ್‌ಬಾಖ್ ಅನ್ನುವ ಸೇತುವೆ ಇದೆ. ಹಿಮಪಾತಕ್ಕೆ ಕೊಚ್ಚಿಹೋಗದಿರಲಿ ಅಂತ ಚಳಿಗಾಲದ ಮೊದಲು ಅದನ್ನು ಮಡಚಿಡುತ್ತಾರೆ, ಹಿಮ ಕರಗಿದ ಮೇಲೆ ಮತ್ತೆ ಬಿಡಿಸಿ ಜೋಡಿಸುತ್ತಾರೆ. ಗಾಡಿ ಓಡುವುದು ಬೇಸಿಗೆಯಲ್ಲಿ ಮಾತ್ರ, ಸೀಟನ್ನು ಮೊದಲೇ ಕಾದಿರಿಸಿ.

ಯುಂಗ್‌ಫ್ರೌ ರೈಲಿನ ಬಗ್ಗೆ ಎರಡೇ ಮಾತು. 1912ರಲ್ಲಿ ಪೂರ್ತಿಯಾದ ಆ ಹಳಿ ಐಗರ್ ಬೆಟ್ಟದೊಳಗಿಂದ 3,454 ಮೀಟರ್‌ಗೆ ಹತ್ತುತ್ತದೆ, ಯುರೋಪಿನಲ್ಲಿ ಅದಕ್ಕಿಂತ ಎತ್ತರದ ರೈಲ್ವೆ ಸ್ಟೇಷನ್ ಇಲ್ಲ. ಟ್ರಾವೆಲ್ ಪಾಸ್ ಇದ್ದರೂ ಮೇಲಿನ ಭಾಗಕ್ಕೆ ರಿಯಾಯಿತಿ ಮಾತ್ರ, ಟಿಕೆಟ್ ದುಬಾರಿ. ಹಾಗಾಗಿ ಅವತ್ತು ಬೆಳಿಗ್ಗೆ ಮೇಲಿನ ವೆಬ್‌ಕ್ಯಾಮ್ ನೋಡಿದ ಮೇಲಷ್ಟೇ ಕೊಳ್ಳಿ. ಮೋಡ ತುಂಬಿದ್ದರೆ ದುಡ್ಡು ಉಳಿಸಿ ಅದೇ ಕಣಿವೆಯ ವೆಂಗೆನ್‌ಗೋ, ಗ್ರಿಂಡೆಲ್‌ವಾಲ್ಡ್‌ಗೋ ಮಾಮೂಲಿ ಗಾಡಿಯಲ್ಲಿ ಹೋಗಿ ಬನ್ನಿ.