ಖಿನ್ನತೆ ಮರಳುವ ಮುಂಚೆಯೇ ಗುರುತಿಸುವುದು ಹೇಗೆ?

ನನಗೆ ಎರಡನೇ ಸಲ ಖಿನ್ನತೆ ಬಂದಿದ್ದು ಮಾತ್ರೆ ಬಿಟ್ಟ ಮೂರೇ ತಿಂಗಳಿಗೆ. ಚೆನ್ನಾಗಿದ್ದೀನಲ್ವಾ ಅಂತ ನಾನೇ ನಿಲ್ಲಿಸಿದ್ದೆ. ಹಾಗೆ ಮಾಡಬೇಡಿ. ಗುಣವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮಾತ್ರೆ ಬೇಕು. ಆಮೇಲೆ ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ನಿಮ್ಮದೇ ಮುನ್ಸೂಚನೆಗಳನ್ನು ಬರೆದಿಡಿ. ನನ್ನವು: ಬೆಳಗಿನ ಜಾವ 3 ಗಂಟೆಗೆ ಎಚ್ಚರ, ಅಕ್ಕನ ಫೋನ್ ಎತ್ತದಿರುವುದು, ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡದೆ ಒಳಗೆ ಬರುವುದು. ಕೊನೆಯದು ಸಣ್ಣದು ಅನ್ನಿಸಬಹುದು. ನನಗೆ ಮೊದಲು ತಪ್ಪುವುದು ಅದೇ. ಪಟ್ಟಿ ಅಕ್ಕನ ಹತ್ತಿರವೂ ಇದೆ, ಯಾಕೆಂದರೆ ಕುಸಿಯುವಾಗ ನನಗೇ ಗೊತ್ತಾಗುವುದಿಲ್ಲ. ಎರಡು ಒಟ್ಟಿಗೆ ಕಂಡರೆ ಅದೇ ವಾರ ಡಾಕ್ಟರ್ ಹತ್ತಿರ ಹೋಗುತ್ತೇನೆ.

ಸಾಯುವ ಯೋಚನೆ ಬಂದರೆ ಮಾತ್ರ ಕಾಯಲೇಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.